ಹೆಸರು ಕದ್ದವರು ಯಾರು?

ಹೋದ ತಿಂಗಳು ನಮ್ಮ ಬಡಾವಣೆಯ ಹಿರಿಯ ಮಿತ್ರರೊಬ್ಬರು ಒಂದು ಮನವಿ ಪತ್ರವನ್ನು ಹಿಡಿದುಕೊಂಡು ನಮ್ಮ ಮನೆಗೆ ದಯಮಾಡಿಸಿದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಯಾವ ಕಾಗದವನ್ನೇ ಆಗಲಿ ಎರಡು ಸಲ ಓದದೆ ರುಜು ಹಾಕದ ಶಿಸ್ತಿನವರು. ಪತ್ರದ ಸಾರಾಂಶ ಇಷ್ಟು: ವಿದೇಶೀಯರು ತಯಾರಿಸುವ ವಿಡಿಯೋ ಗೇಮುಗಳಲ್ಲಿ ನಮ್ಮ ದೇವರುಗಳ, ಋಷಿಗಳ, ಅಸುರರ ಹೆಸರುಗಳನ್ನು ಮನಬಂದಂತೆ ಬಳಸಿಕೊಳ್ಳುತ್ತಿದ್ದಾರೆ, ಇದು ನಮ್ಮ ಪುರಾಣಗಳ ಕಳವು, ಸರ್ಕಾರ ಇಂಥ ಆಟಗಳನ್ನು ಕೂಡಲೇ ನಿಷೇಧಿಸತಕ್ಕದ್ದು. ಕೆಳಗೆ ಆಗಲೇ ಮೂವತ್ತು ನಲವತ್ತು ರುಜುಗಳು ಬಿದ್ದಿದ್ದುವು.

"ಮೇಷ್ಟ್ರೇ, ಮೂವತ್ತು ವರ್ಷ ಹುಡುಗರಿಗೆ ಕನ್ನಡ ಪಾಠ ಹೇಳಿದವರು ನೀವು. ನಿಮ್ಮ ರುಜು ಮೊದಲನೆಯದಾಗಿರಬೇಕಿತ್ತು" ಎಂದರು.

ನಾನು ರುಜು ಹಾಕಲಿಲ್ಲ. "ಇಟ್ಟು ಹೋಗಿ, ಯೋಚಿಸಿ ಹೇಳುತ್ತೇನೆ" ಎಂದೆ. ಮಿತ್ರರ ಮುಖ ಸಣ್ಣದಾಯಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಧರ್ಮಕ್ಕೆ ಅಪಚಾರವಾಗುತ್ತಿರುವಾಗ ಯೋಚಿಸುವುದೇನು ಬಂತು ಎಂಬುದು ಅವರ ಭಾವ. ಯೋಚಿಸಿದೆ. ಯೋಚಿಸಿದಷ್ಟೂ ಆ ಪತ್ರದ ವಿಳಾಸ ತಪ್ಪಿದೆ ಎಂದು ನನಗೆ ದೃಢವಾಗುತ್ತ ಬಂತು. ಅವರಿಗೆ ಕೊಡಬೇಕಾದ ಉತ್ತರವನ್ನು ಎಲ್ಲರ ಮುಂದೆಯೇ ಕೊಡುವುದು ಲೇಸೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಅವರ ಪಕ್ಷದಲ್ಲಿ ಎಷ್ಟು ನಿಜವಿದೆ ಎಂಬುದನ್ನು ಒಪ್ಪಿಕೊಂಡುಬಿಡೋಣ. ಈ ವಿಷಯದಲ್ಲಿ ನನಗೆ ಗುರು ನನ್ನ ಹನ್ನೆರಡು ವರ್ಷದ ಮೊಮ್ಮಗ. ಅವನು ನನ್ನನ್ನು ಪರದೆಯ ಮುಂದೆ ಕೂರಿಸಿಕೊಂಡು ತೋರಿಸಿದ್ದನ್ನು ಕಂಡು ನಾನೂ ಮೊದಮೊದಲು ತಬ್ಬಿಬ್ಬಾದೆ. ಜಪಾನಿನವರು 1987ರಲ್ಲಿ ಆರಂಭಿಸಿದ 'ಫೈನಲ್ ಫ್ಯಾಂಟಸಿ' ಎಂಬ ಆಟಗಳ ಮಾಲೆಯೊಂದಿದೆ. 1990ರಲ್ಲಿ ಬಂದ ಅದರ ಮೂರನೆಯ ಆಟದಿಂದ ಮೊದಲುಗೊಂಡು ಅದರಲ್ಲಿ 'ಶಿವ' ಎಂಬ ಪಾತ್ರ ಬರುತ್ತದೆ. ಆ ಶಿವ ಹೆಂಗಸು! ಕೈ ಬೀಸಿದರೆ ಹಿಮ ಸುರಿಯುತ್ತದೆ. ಎದುರಾಳಿ ಮರಗಟ್ಟಿ ನಿಲ್ಲುತ್ತಾನೆ. ಹಣೆಗಣ್ಣಿನ ಕಿಚ್ಚಿನಿಂದ ಕಾಮನನ್ನು ಬೂದಿ ಮಾಡಿದವನಿಗೆ ಈ ಗತಿ. ಅದೇ ಮಾಲೆಯ ಹದಿನಾಲ್ಕನೆಯ ಆಟದಲ್ಲಿ ಗರುಡನೂ ಹೆಣ್ಣು. 2012ರಲ್ಲಿ ಬಂದ ಇನ್ನೊಂದು ಜಪಾನೀ ಆಟದಲ್ಲಿ ನಾಯಕನ ಹೆಸರೇ ಅಸುರ. ಅವನ ಹೆಂಡತಿಯ ಹೆಸರು ದುರ್ಗಾ! ಮಹಿಷಮರ್ದಿನಿಯ ಬೆಟ್ಟದ ಕೆಳಗೆ ದಸರಾ ನೋಡಿ ಬೆಳೆದವರು ಈ ದಾಂಪತ್ಯವನ್ನು ಹೇಗೆ ಸಹಿಸಬೇಕು? ಆ ಆಟದಲ್ಲಿ ವೃತ್ರನ ಹೆಸರು ಜಪಾನೀ ನಾಲಗೆಯ ಮೇಲೆ ಉರುಳಿ 'ವ್ಲಿತ್ರ'ವಾಗಿದೆ. 2004ರ ಬೇರೊಂದು ಆಟ ಇಂಗ್ಲಿಷಿಗೆ ಹೋಗುವಾಗ ವರುಣ 'ವರ್ಣ'ನಾಗಿದ್ದಾನೆ. ಅಮೆರಿಕದ 'ಸ್ಮೈಟ್' ಎಂಬ ಆಟದಲ್ಲಿ ಕಾಳಿ, ಅಗ್ನಿ, ವಾಮನರನ್ನು ಗ್ರೀಕರ, ನಾರ್ವೆಯವರ, ಈಜಿಪ್ತಿನವರ ದೇವರುಗಳೊಡನೆ ಕುಸ್ತಿಗೆ ಬಿಟ್ಟಾಗ, 2012ರಲ್ಲಿ, ಅಲ್ಲಿನ ಹಿಂದೂಗಳು ಪ್ರತಿಭಟಿಸಿದರು. ಕಾಳಿಯ ವೇಷವನ್ನು ಕಂಡವರಿಗೆ ಆ ಪ್ರತಿಭಟನೆ ಅಕಾರಣವೆಂದು ತೋರದು. ತಾಯಿಯೆಂದು ಕೈಮುಗಿದವಳನ್ನು ಅರೆಬಟ್ಟೆಯಲ್ಲಿ ಕುಣಿಸಿದರೆ ಯಾರಿಗಾದರೂ ಮನಸ್ಸು ನೋಯುತ್ತದೆ.

ಇಷ್ಟನ್ನು ಒಪ್ಪಿದ ಮೇಲೂ 'ಕಳವು' ಎಂಬ ಮಾತನ್ನು ನಾನು ಒಪ್ಪಲಾರೆ.

ಅಸುರನ ಸಂಗತಿಯನ್ನೇ ತೆಗೆದುಕೊಳ್ಳಿ. ಜಪಾನಿನ ನಾರಾ ನಗರದ ಕೋಫುಕುಜಿ ಎಂಬ ಬೌದ್ಧ ದೇಗುಲದಲ್ಲಿ ಕ್ರಿಸ್ತಶಕ 734ರಲ್ಲಿ ಮಾಡಿದ ಅಸುರನ ವಿಗ್ರಹವೊಂದಿದೆ: ಮೂರು ಮುಖ, ಆರು ಕೈ, ಎಳೆ ಹುಡುಗನ ಮುಖದಲ್ಲಿ ಏನೋ ಪಶ್ಚಾತ್ತಾಪ. ಬುದ್ಧನ ಧರ್ಮವನ್ನು ಕಾಯುವ ಎಂಟು ಗಣಗಳಲ್ಲಿ ಅಸುರರೂ ಸೇರಿದವರು. ಎಂದರೆ, ಜಪಾನೀಯನಿಗೆ ಅಸುರನೆಂಬವನು ನೆನ್ನೆ ಪುಸ್ತಕ ನೋಡಿ ಕದ್ದ ಹೆಸರಲ್ಲ. ಸುಮಾರು ಸಾವಿರದ ಮುನ್ನೂರು ವರ್ಷಗಳಿಂದ ಅವನ ಮನೆಯಲ್ಲಿರುವ ನೆಂಟ. ಅಲ್ಲಿ ನಮ್ಮ ಸರಸ್ವತಿ ಬೆಂಜೈತೆನ್ ಆಗಿದ್ದಾಳೆ. ಯಮ ಎನ್ಮಾ ಆಗಿದ್ದಾನೆ. 1991ರ ಆಟವೊಂದರಲ್ಲಿ ಮೂರು ಮುಖದ 'ಅಸುರ' ರಾಣಿಯನ್ನು ಕಂಡಾಗ ನನಗೆ ನೆನಪಾದದ್ದು ಆ ನಾರಾ ವಿಗ್ರಹವೇ. ಇನ್ನು ನಮ್ಮಲ್ಲಿಯಾದರೂ ಅಸುರ ಎಂದಿನಿಂದ ಕೆಟ್ಟವನಾದ? ಋಗ್ವೇದದಲ್ಲಿ ವರುಣನನ್ನೂ ಅಸುರನೆಂದು ಗೌರವದಿಂದಲೇ ಕರೆದಿದ್ದಾರೆ. ಪಾರಸಿಗಳ ಪರಮದೇವನಾದ ಅಹುರ ಮಜ್ದಾನ ಹೆಸರಿನಲ್ಲಿರುವ 'ಅಹುರ' ಇದೇ ಶಬ್ದದ ಒಡಹುಟ್ಟು. ಹೆಸರು ಒಂದೇ, ಒಬ್ಬರ ಮನೆಯಲ್ಲಿ ದೇವರು, ಇನ್ನೊಬ್ಬರ ಮನೆಯಲ್ಲಿ ರಾಕ್ಷಸ, ಮೂರನೆಯವರಲ್ಲಿ ಕಾವಲುಗಾರ. ಇವರಲ್ಲಿ ಕಳ್ಳರು ಯಾರು?

ಹೀಗಾಗುವುದು ನಮ್ಮ ಹೆಸರುಗಳಿಗೆ ಮಾತ್ರವೂ ಅಲ್ಲ. ಇಬ್ರಾನೀಯರ ಧರ್ಮಗ್ರಂಥದಲ್ಲಿ ಬೆಹೆಮೋತ್ ಎಂಬ ಮಹಾಮೃಗವೊಂದು ಬರುತ್ತದೆ. ಅದು ನೆಲದ ಪ್ರಾಣಿ. ಅರಬರ ಕಥೆಗಳಿಗೆ ಹೋಗುವ ಹೊತ್ತಿಗೆ ಅದು 'ಬಹಮೂತ್' ಎಂಬ ದೊಡ್ಡ ಮೀನಾಗಿ, ನಮ್ಮ ಆದಿಶೇಷನ ಹಾಗೆ ಭೂಭಾರವನ್ನು ಹೊರುವ ಕೆಲಸಕ್ಕೆ ಸೇರಿತು. ಎಪ್ಪತ್ತರ ದಶಕದಲ್ಲಿ ಅಮೆರಿಕದವರು ಆ ಮೀನಿಗೆ ರೆಕ್ಕೆ ಹಚ್ಚಿ ಘಟಸರ್ಪ ಮಾಡಿದರು. ಜಪಾನಿನ ಆಟಗಳಲ್ಲಿ ಅದು ಘಟಸರ್ಪಗಳ ದೊರೆಯಾಯಿತು. ಎಲ್ಲಕ್ಕಿಂತ ಸೋಜಿಗದ ಸಂಗತಿ ಬೇರೊಂದಿದೆ. ಪರದೆಯ ಮೇಲೆ ಆಟಗಾರನ ಪರವಾಗಿ ಓಡಾಡುವ ಬೊಂಬೆಗೆ ಜಗತ್ತಿನಾದ್ಯಂತ ಏನೆನ್ನುತ್ತಾರೆ ಗೊತ್ತೆ? 'ಅವತಾರ್' ಎನ್ನುತ್ತಾರೆ. 1985ರ 'ಅಲ್ಟಿಮಾ' ಆಟ, 1986ರ 'ಹ್ಯಾಬಿಟಾಟ್' ಎಂಬ ಆಟ, ಆಮೇಲೆ 1992ರ ಒಂದು ಇಂಗ್ಲಿಷ್ ಕಾದಂಬರಿ, ಇವುಗಳ ಮೂಲಕ ಆ ಮಾತು ಮನೆಮಾತಾಯಿತು. ಮೇಲಿರುವವನು ತನ್ನದಲ್ಲದ ಲೋಕಕ್ಕೆ ಒಂದು ಮೈ ತೊಟ್ಟು ಇಳಿದು ಬರುವುದು: ಇದಕ್ಕಿಂತ ಒಪ್ಪುವ ಶಬ್ದ ಇನ್ನಾವ ಭಾಷೆಯಲ್ಲಿತ್ತು? ಅರ್ಥ ತಿಳಿದು ಎತ್ತಿಕೊಂಡ ಶಬ್ದ ಅದು. ಅದಕ್ಕೆ ಬಾಡಿಗೆ ಕೇಳೋಣವೆ?

ಕಾನೂನಿನ ಮಾತಿಗೆ ಬಂದರೂ ನಮ್ಮ ಮಿತ್ರರ ಪತ್ರಕ್ಕೆ ಬಲವಿಲ್ಲ. ಅಗರಬತ್ತಿಗೆ 'ರಾಮಾಯಣ' ಎಂಬ ಹೆಸರನ್ನು ತನ್ನೊಬ್ಬನ ಮುದ್ರೆಯಾಗಿ ಪಡೆಯಬೇಕೆಂದು ಹೋದ ವ್ಯಾಪಾರಿಗೆ ನಮ್ಮ ಸುಪ್ರೀಂ ಕೋರ್ಟು 2015ರಲ್ಲಿ ಅದು ಆಗದೆಂದು ಹೇಳಿತು. ಪವಿತ್ರ ಗ್ರಂಥದ ಹೆಸರು ಒಬ್ಬನ ಸ್ವತ್ತಲ್ಲ. ಯಾರೊಬ್ಬನ ಸ್ವತ್ತೂ ಅಲ್ಲದ್ದನ್ನು ಕದಿಯುವುದಾದರೂ ಹೇಗೆ?

ನಮ್ಮ ದೇಶದವರೇ ಮಾಡಿದ ಆಟವೊಂದರಿಂದ ನಾನೇ ಪಾಠ ಕಲಿತೆ. 'ರಾಜಿ' ಎಂಬುದು ಅದರ ಹೆಸರು. ಪುಣೆಯ ತರುಣರು ಮಾಡಿ 2020ರಲ್ಲಿ ಹೊರತಂದದ್ದು. ರಾಜಿ ಎಂಬ ಹುಡುಗಿ, ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿಕೊಂಡು ಹೋಗುತ್ತಾಳೆ. ಕಥೆಯನ್ನು ದುರ್ಗೆಯೂ ವಿಷ್ಣುವೂ ಮಾತಾಡಿಕೊಳ್ಳುತ್ತ ಹೇಳುತ್ತಾರೆ. ದಾರಿಯ ಗೋಡೆಗಳ ಮೇಲೆ ಬರೆದ ಚಿತ್ರಗಳ ಮುಂದೆ ನಿಂತರೆ ಆ ದೇವತೆಗಳ ಕಥೆ ಕೇಳಿಬರುತ್ತದೆ. ಒಂದು ಸಂಜೆ ಮೊಮ್ಮಗ, "ತಾತ, ನಂದಕ ಸಿಕ್ಕಿತು!" ಎಂದು ಕೂಗಿದ. "ಯಾರೋ ಅದು ನಂದಕ?" ಎಂದೆ. "ಯಾರೂ ಅಲ್ಲ ತಾತ, ವಿಷ್ಣುವಿನ ಕತ್ತಿ. ಬಿಲ್ಲಿನ ಹೆಸರು ಶಾರ್ಙ್ಗ" ಎಂದ. ನಾನು ಸುಮ್ಮನಾದೆ. ನಲವತ್ತು ವರ್ಷಗಳಿಂದ ಬೆಳಗಾದರೆ ವಿಷ್ಣುಸಹಸ್ರನಾಮ ಹೇಳುವವನು ನಾನು. ಅದರ ಕೊನೆಯಲ್ಲಿ ಆ ಎರಡು ಹೆಸರುಗಳೂ ಬರುತ್ತವೆ. ದಿನವೂ ನನ್ನ ಬಾಯಿಂದ ಹೊರಟ ಆ ಕತ್ತಿ ಒಂದು ದಿನವಾದರೂ ನನ್ನ ಕಣ್ಣಿಗೆ ಕಂಡಿರಲಿಲ್ಲ. ಹುಡುಗನಿಗೆ ಕಂಡಿತ್ತು.

ಆದರೆ ಅವನು ಕೇಳಿದ ಮುಂದಿನ ಪ್ರಶ್ನೆ ಇನ್ನೂ ಇಕ್ಕಟ್ಟಿನದಾಗಿತ್ತು. ಆ ಆಟದ ಖಳನ ಹೆಸರು ಮಹಾಬಲಾಸುರ. "ಇವನು ಯಾರು ತಾತ? ನಾವು ದೀಪಾವಳಿಯಲ್ಲಿ ಪೂಜೆ ಮಾಡುವ ಬಲೀಂದ್ರನೇ?" ನಾನು ಅಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ಬಲಿ ಪಾಡ್ಯಮಿಯ ದಿನ ನಾವು ಕರೆದು ಆರತಿ ಎತ್ತುವವನು ಆ ಅಸುರರಾಜ. ಮಹಾಬಲನೆಂದರೆ ಗೋಕರ್ಣದ ಈಶ್ವರನ ಹೆಸರೂ ಹೌದು. ಇಷ್ಟನ್ನು ವಿವರಿಸಿ ಹೇಳುವುದಕ್ಕೆ ಅರ್ಧ ಗಂಟೆ ಬೇಕಾಗಿತ್ತು. ಅಂದು ನನಗೆ ಟೆಲಿವಿಷನ್ನಿನಲ್ಲಿ ವಾರ್ತೆ ನೋಡುವುದಿತ್ತು. "ಆಮೇಲೆ ಹೇಳುತ್ತೇನೆ" ಎಂದೆ. ಆಟ ಮಾಡಿದವರು ಕಥೆ ಹೇಳುವುದಕ್ಕೆ ಗೋಡೆ ಕಟ್ಟಿದ್ದರು. ತಾತನಾದ ನನಗೆ ಪುರಸೊತ್ತಿರಲಿಲ್ಲ.

ಈ ನಾಚಿಕೆಯ ಪ್ರಾಯಶ್ಚಿತ್ತವೆಂದು ದಸರಾ ರಜೆಯಲ್ಲಿ ಹುಡುಗನನ್ನು ನಮ್ಮ ಸೀಮೆಗೆ ಕರೆದುಕೊಂಡು ಹೋದೆ. ನಾನು ಹುಟ್ಟಿ ಬೆಳೆದದ್ದು ರಾಮನಗರದ ಬಳಿ. ನೆಂಟರಿಷ್ಟರು ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಹರಡಿದ್ದಾರೆ. ಮೈಸೂರು ರೈಲು ಬಿಡದಿ ದಾಟುತ್ತಲೇ ಬಂಡೆಬೆಟ್ಟಗಳ ಸಾಲು ಕಂಡು ಹುಡುಗ ಕಿಟಕಿಗೆ ಅಂಟಿಕೊಂಡ. ಎದುರಿಗೆ ಕುಳಿತಿದ್ದ ತರುಣನೊಬ್ಬ ಉಪಕಾರಬುದ್ಧಿಯಿಂದ, "ಅದು ಶೋಲೆ ಬೆಟ್ಟ ಮರಿ. ಗಬ್ಬರ್ ಸಿಂಗ್ ಇದ್ದದ್ದು ಅಲ್ಲೇ" ಎಂದು ತೋರಿಸಿದ. 1975ರ ಆ ಹಿಂದಿ ಚಿತ್ರವನ್ನು ಇಲ್ಲಿ ತೆಗೆದದ್ದೇನೋ ನಿಜ. ಚಿತ್ರದಲ್ಲಿ ನಮ್ಮ ಊರು 'ರಾಮಘಡ'ವಾಗಿತ್ತು. ಮಾಗಡಿಯ ಸಾವನದುರ್ಗ ಕೂಡ 1984ರ ಇಂಗ್ಲಿಷ್ ಚಿತ್ರವೊಂದರಲ್ಲಿ ಬಿಹಾರದ ಬೆಟ್ಟವಾಗಿ ನಟಿಸಿದೆ. ನಟಿಸಲಿ, ದೋಷವಿಲ್ಲ. ಆದರೆ ಆ ತರುಣ ಆ ನೆಲದವನೇ. ಅವನಿಗೆ ಆ ಬೆಟ್ಟದ ಮೇಲೆ ಗಬ್ಬರನೊಬ್ಬನೇ ಕಾಣುತ್ತಾನಲ್ಲ ಎಂದು ನನಗೆ ವ್ಯಸನವಾಯಿತು.

ಆ ರಾಮದೇವರ ಬೆಟ್ಟದ ಹೇಳಿಕೆ ಏನು? ವನವಾಸದಲ್ಲಿ ಸೀತಾರಾಮರು ಇಲ್ಲಿ ತಂಗಿದ್ದರು. ಕಾಕಾಸುರನ ಪ್ರಸಂಗ ನಡೆದದ್ದು ಇಲ್ಲಿಯೇ. ರಾಮ ಮಲಗಿ ನಿದ್ದೆ ಹೋಗಿದ್ದಾಗ ಕಾಗೆಯ ರೂಪದಲ್ಲಿ ಬಂದವನೊಬ್ಬ ಸೀತೆಯನ್ನು ಕುಕ್ಕಿದ. ರಾಮ ಎದ್ದು ಒಂದು ದರ್ಭೆಯ ಎಳೆಯನ್ನೇ ಬ್ರಹ್ಮಾಸ್ತ್ರವಾಗಿ ಬಿಟ್ಟ. ಆ ಹುಲ್ಲುಕಡ್ಡಿ ಕಾಗೆಯನ್ನು ಮೂರು ಲೋಕವೂ ಅಟ್ಟಿಸಿಕೊಂಡು ಹೋಯಿತು. ಯಾರೂ ಆಶ್ರಯ ಕೊಡಲಿಲ್ಲ. ಕೊನೆಗೆ ರಾಮನ ಕಾಲಿಗೇ ಬಿದ್ದು ಒಂದು ಕಣ್ಣು ಕೊಟ್ಟು ಬದುಕಿಕೊಂಡಿತು. ಆದರೆ ವಾಲ್ಮೀಕಿಗಳನ್ನು ಕೇಳಿದರೆ ಇದು ನಡೆದದ್ದು ಚಿತ್ರಕೂಟದಲ್ಲಿ. ಸುಂದರಕಾಂಡದಲ್ಲಿ ಸೀತೆ ಹನುಮಂತನಿಗೆ ಗುರುತಿನ ಮಾತಾಗಿ ಹೇಳುತ್ತಾಳೆ. ಹಾಗಾದರೆ ನಮ್ಮ ಬೆಟ್ಟ ಚಿತ್ರಕೂಟದ ಕಥೆಯನ್ನು ಕದ್ದಿತೇ? ಮನವಿ ಪತ್ರದ ನ್ಯಾಯದಂತೆ ಕದ್ದಿತೆಂದೇ ಹೇಳಬೇಕು. ಚನ್ನಪಟ್ಟಣದ ಪಕ್ಕದಲ್ಲಿ ಹರಿಯುವ ಹೊಳೆ ಕಣ್ವ; ಶಕುಂತಲೆಯನ್ನು ಸಾಕಿದ ಕಣ್ವಮಹರ್ಷಿಗಳು ತಪಸ್ಸು ಮಾಡಿದ್ದು ಅದರ ದಡದಲ್ಲೆಂದು ಹೇಳಿಕೆ. ಉತ್ತರದಲ್ಲಿ ಹಿಮಾಲಯದ ತಪ್ಪಲಿನವರು ಅವರ ಆಶ್ರಮ ತಮ್ಮಲ್ಲಿದೆ ಎನ್ನುತ್ತಾರೆ. ಜಟಾಯು ಬಿದ್ದದ್ದು ತಮ್ಮಲ್ಲೆಂದು ಲೇಪಾಕ್ಷಿಯವರೂ ಕೇರಳದ ಚಡಯಮಂಗಲದವರೂ ಹೇಳುತ್ತಾರೆ. ನಮ್ಮ ಹಿರಿಯರು ಇಂಥ 'ಕಳವಿನಿಂದ'ಲೇ ನಾಡನ್ನು ತುಂಬಿದರು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅವರು ಹೆಸರನ್ನು ತರುವಾಗ ಕಥೆಯನ್ನೂ ತಂದರು. ತಂದು ಒಂದು ಬಂಡೆಗೆ, ಒಂದು ಹೊಳೆಗೆ, ಒಂದು ಹಕ್ಕಿಗೆ ಕಟ್ಟಿದರು. ಕಟ್ಟಿದ ಮೇಲೆ ವರ್ಷಕ್ಕೊಮ್ಮೆ ಹೋಗಿ ಅದನ್ನು ಹೇಳಿಕೊಂಡರು. ಹಾಗೆ ಮಾಡಿದವರನ್ನು ಕಳ್ಳರೆನ್ನುವುದಿಲ್ಲ, ಒಕ್ಕಲು ಎನ್ನುತ್ತಾರೆ.

ಚನ್ನಪಟ್ಟಣದಲ್ಲಿ ಇಳಿದು ಬೊಂಬೆ ಮಾಡುವವರ ಬೀದಿಗೆ ಹೋದೆವು. ಆಲೆಮರದ ತುಂಡು ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಹುಡುಗ ಒಂದು ಗಂಟೆ ಅಲ್ಲಿಂದ ಅಲುಗಲಿಲ್ಲ. ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಕಾನೂನಿನ ರಕ್ಷಣೆ ಇದೆ. ಬೇರೆ ಕಡೆ ಮಾಡಿದ್ದನ್ನು 'ಚನ್ನಪಟ್ಟಣದ ಬೊಂಬೆ' ಎಂದು ಮಾರುವಂತಿಲ್ಲ. ಕಾನೂನು ಹೆಸರನ್ನು ಕಾಯುತ್ತದೆ, ಏಕೆಂದರೆ ಆ ಹೆಸರಿನ ಹಿಂದೆ ಆಲೆಮರ, ಅರಗು, ಕೈಗಳ ಅಭ್ಯಾಸ ಇವೆ. ನಾಳೆ ಆ ಕೈಗಳು ಕೆಲಸ ಬಿಟ್ಟರೆ ಕಾನೂನು ಏನನ್ನು ಕಾದೀತು? ಖಾಲಿ ಪೆಟ್ಟಿಗೆಯ ಮೇಲಿನ ಅರಗಿನ ಮುದ್ರೆಯನ್ನು! ಪುರಾಣದ ಹೆಸರಿನ ಮಾತೂ ಇಷ್ಟೇ. ಅದರ ಹಿಂದಿನ ಕೈಗೆಲಸ ಯಾವುದೆಂದರೆ ಕಥೆ ಹೇಳುವುದು. ಅದನ್ನು ನಾವು ಬಿಟ್ಟೆವು. ಬಿಟ್ಟ ಮೇಲೆ ಪೆಟ್ಟಿಗೆಯನ್ನು ಯಾರೋ ಎತ್ತಿಕೊಂಡು ಹೋದರೆಂದು ಪೋಲೀಸಿಗೆ ದೂರು ಕೊಡಲು ಹೊರಟಿದ್ದೇವೆ.

ಕನಕಪುರದ ಕಡೆ ಹೋಗಿ, ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ, ಅದರಿಂದಾಚೆಯ ಮೇಕೆದಾಟು ನೋಡಿದೆವು. "ತಾತ, ಇದು ನ್ಯೂಸಿನಲ್ಲಿ ಬರುತ್ತದಲ್ಲ, ಅಣೆಕಟ್ಟಿನ ಜಗಳ!" ಎಂದ ಹುಡುಗ. ಅವನ ಮಟ್ಟಿಗೆ ಮೇಕೆದಾಟು ಎರಡು ರಾಜ್ಯಗಳ ವ್ಯಾಜ್ಯದ ಹೆಸರು. ಅದರಲ್ಲಿ ಒಂದು ಮೇಕೆ ಇದೆ, ಆ ಮೇಕೆ ಕಾವೇರಿಯನ್ನು ಒಂದೇ ನೆಗೆತಕ್ಕೆ ದಾಟಿತು, ಕಂಡ ಕುರುಬ ಅದನ್ನು ಶಿವನೆಂದೇ ನಂಬಿದ ಎಂದು ನಾನು ಹೇಳಿದಾಗ ಅವನು ಬಂಡೆಗಳ ನಡುವಿನ ಇಕ್ಕಟ್ಟನ್ನು ಕಣ್ಣಲ್ಲೇ ಅಳೆದು, "ಆಗಬಹುದು" ಎಂದ. ಹಿಮದ ಹೆಂಗಸಾಗಿದ್ದ ಶಿವ ಅವನ ಪಾಲಿಗೆ ಆ ಮಧ್ಯಾಹ್ನ ಮೇಕೆಯೂ ಆದ. ಒಂದು ಹೆಸರಿಗೆ ಎರಡು ಕಥೆ ಗೊತ್ತಿದ್ದವನನ್ನು ಯಾವ ಆಟವೂ ಕೆಡಿಸಲಾರದು.

ಮಾಗಡಿಯಲ್ಲಿ ನನಗೆ ಇನ್ನೊಂದು ಆಧಾರ ಸಿಕ್ಕಿತು. ಅಲ್ಲಿಯ ತಿರುಮಲೆಯ ರಂಗನಾಥನನ್ನು ಮಾಂಡವ್ಯ ಋಷಿ ಆರಾಧಿಸಿದನೆಂದು ಸ್ಥಳದವರ ನಂಬಿಕೆ. ಮಾಂಡವ್ಯನ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಮಾಲು ಬಚ್ಚಿಟ್ಟರು; ರಾಜಭಟರು ಋಷಿಯನ್ನೇ ಕಳ್ಳನೆಂದು ಹಿಡಿದು ಶೂಲಕ್ಕೇರಿಸಿದರು. ಬದುಕಿ ಉಳಿದವನು ನೇರವಾಗಿ ಯಮಧರ್ಮನಲ್ಲಿಗೆ ಹೋಗಿ, ತನಗೇಕೆ ಈ ಶಿಕ್ಷೆ ಎಂದು ಕೇಳಿದ. ಬಾಲ್ಯದಲ್ಲಿ ಹುಳುಗಳನ್ನು ಕಡ್ಡಿಯಿಂದ ಚುಚ್ಚಿದ್ದಕ್ಕೆ ಎಂದ ಯಮ. ತಿಳಿಯದ ಮಗು ಆಡಿದ ಆಟಕ್ಕೆ ಶೂಲವೇ ಎಂದು ಸಿಟ್ಟಾದ ಋಷಿ, ಯಮನಿಗೆ ಮನುಷ್ಯನಾಗಿ ಹುಟ್ಟೆಂದು ಶಾಪ ಕೊಟ್ಟ. ವಿದುರ ಹುಟ್ಟಿದ್ದು ಹಾಗೆ. ಅಷ್ಟೇ ಅಲ್ಲ, ಇನ್ನು ಮುಂದೆ ಹದಿನಾಲ್ಕು ವರ್ಷದವರೆಗೆ ಮಕ್ಕಳು ಮಾಡಿದ್ದು ಪಾಪವಲ್ಲ ಎಂದು ಕಟ್ಟು ಮಾಡಿದ. ನನ್ನ ಮೊಮ್ಮಗನಿಗೆ ಹನ್ನೆರಡು. ಮನವಿ ಪತ್ರದವರು ಶೂಲ ನೆಡುವ ಮೊದಲು ಮಾಗಡಿಗೆ ಒಮ್ಮೆ ಹೋಗಿ ಬರಬೇಕು. ಪಾಪವೇನಾದರೂ ಇದ್ದರೆ ಹದಿನಾಲ್ಕು ದಾಟಿದ ನಮ್ಮದು.

ಆ ಪಾಪ ಎಂಥದೆಂಬುದಕ್ಕೆ ದೂರ ಹೋಗಬೇಕಿಲ್ಲ. ಈ ನಾಲ್ಕು ಊರುಗಳೂ ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟ ಆ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಟ್ಟಿತು. ಊರಿನ ಹೆಸರು ರಾಮನಗರವೆಂದೇ ಉಳಿದಿದೆ, ಅದೇ ಜಿಲ್ಲಾ ಕೇಂದ್ರವೂ ಹೌದು; ಅದನ್ನು ಮರೆಮಾಚುವುದು ನ್ಯಾಯವಲ್ಲ. ಹೆಸರು ಬದಲಿಸಿದವರ ಕಡೆಯೂ ವಾದವಿದೆ. ಈ ಸೀಮೆ ಮೊದಲಿನಿಂದ ಬೆಂಗಳೂರು ಜಿಲ್ಲೆಯದೇ, 1986ರಲ್ಲಿ ಗ್ರಾಮಾಂತರವೆಂದು ಬೇರೆಯಾಯಿತು. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ನೆಲಕ್ಕೆ ಬೆಲೆ ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ ಎನ್ನುತ್ತಾರೆ. ಹೊಟ್ಟೆಯ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಪಿಂಚಣಿದಾರನಾದ ನನಗಿಲ್ಲ. ಹೆಸರು ಬದಲಾಗುವುದೇ ಅನಾಚಾರವೆಂದೂ ನಾನು ಹೇಳಲಾರೆ. ರಾಮನಗರವೆಂಬುದು ಸ್ವಾತಂತ್ರ್ಯಾನಂತರದ ಹೆಸರು. ಅದಕ್ಕೆ ಮೊದಲು ಅದು ಕ್ಲೋಸ್‌ಪೇಟೆ, 1799ರ ನಂತರ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರು. ಇಂದಿಗೂ ಭೂವಿಜ್ಞಾನದ ಪುಸ್ತಕಗಳಲ್ಲಿ ನಮ್ಮ ಬೆಟ್ಟಗಳ ಕಲ್ಲು 'ಕ್ಲೋಸ್‌ಪೇಟೆ ಗ್ರಾನೈಟ್'. ಇನ್ನೂರೈವತ್ತು ಕೋಟಿ ವರ್ಷ ವಯಸ್ಸಿನ ಬಂಡೆ ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿದೆ!

ನನ್ನ ತಕರಾರು ಬೇರೆ. ಕ್ಲೋಸ್‌ಪೇಟೆ ಎಂಬುದು ಒಬ್ಬ ಮನುಷ್ಯನ ಹೆಸರು. ಅವನನ್ನು ಬೈಯುವುದಕ್ಕಾದರೂ ಒಂದು ಕಥೆ ಬೇಕು. 'ಬೆಂಗಳೂರು ದಕ್ಷಿಣ' ಎಂಬುದು ಹೆಸರಲ್ಲ, ದಿಕ್ಕು. ಅದೇ ಹೆಸರಿನ ತಾಲ್ಲೂಕೊಂದು ಆಗಲೇ ಇತ್ತು, ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇತ್ತು. ಈ ನಾಲ್ಕು ಊರುಗಳು ಸೇರಿದ ಲೋಕಸಭಾ ಕ್ಷೇತ್ರವಾದರೋ ಬೆಂಗಳೂರು ಗ್ರಾಮಾಂತರ! ಅಂಚೆಯವನ ಪಾಡು ಹಾಗಿರಲಿ. ದಿಕ್ಕಿಗೆ ಕಥೆ ಕಟ್ಟಲು ಬರುವುದಿಲ್ಲ. ಮೊಮ್ಮಕ್ಕಳು "ಈ ಹೆಸರು ಏಕೆ ಬಂತು ತಾತ?" ಎಂದರೆ, "ಬೆಂಗಳೂರಿನಲ್ಲಿ ಸೈಟು ತುಟ್ಟಿಯಾಗಿತ್ತು ಮಗು" ಎನ್ನಬೇಕಾದೀತು. ವಿದೇಶೀಯನು ಶಿವನಿಗೆ ಹೆಣ್ಣು ವೇಷ ಹಾಕಿದನೆಂದು ರುಜು ಕೂಡಿ ಹಾಕಿದವರು, ರಾಮನ ಹೆಸರಿನ ಜಾಗದಲ್ಲಿ ದಿಕ್ಕೊಂದು ಬಂದು ಕುಳಿತಾಗ ಎಲ್ಲಿದ್ದರು? ಜಪಾನಿನವನು ನಮ್ಮ ಹೆಸರಿನಲ್ಲಿ ಇಷ್ಟಾದರೂ ಬೆಲೆ ಕಂಡು ಎತ್ತಿಕೊಂಡ. ನಾವು ಬೆಲೆ ಬರಲಿ ಎಂದು ಅದನ್ನು ಇಳಿಸಿದೆವು.

"ಕಥೆ ಮರೆತರೆ ನಷ್ಟವೇನು ಸ್ವಾಮಿ? ಅನ್ನ ಬೇಯುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ನಷ್ಟವನ್ನು ರಾಮದೇವರ ಬೆಟ್ಟದ ಮೇಲೆಯೇ ತೋರಿಸಬಲ್ಲೆ. ಅಲ್ಲಿಯ ಬಂಡೆಗಳ ಸಂದಿಯಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತಿದ್ದುವು. ನನ್ನ ಬಾಲ್ಯದಲ್ಲಿ ಸತ್ತ ದನವನ್ನು ಊರ ಹೊರಗೆ ಹಾಕಿದರೆ ಆಕಾಶದಲ್ಲಿ ಅವು ಸುತ್ತುತ್ತ ಇಳಿಯುವುದನ್ನು ಕಂಡಿದ್ದೇನೆ. ತೊಂಬತ್ತರ ದಶಕದಿಂದೀಚೆಗೆ ಇಡೀ ಭಾರತದಲ್ಲಿ ಆ ಜಾತಿಯ ಹಕ್ಕಿಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನಾಶವಾದುವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡವನ್ನು ಕೆಡಿಸಿತು. ದನಗಳಿಗೆ ಅದನ್ನು ಕೊಡಕೂಡದೆಂದು 2006ರಲ್ಲಿ ನಿಷೇಧವಾಯಿತು. 2012ರಲ್ಲಿ ಸುಮಾರು 346 ಹೆಕ್ಟೇರಿನ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿದರು. ದೇಶದಲ್ಲಿ ಅಂಥದು ಅದೇ ಮೊದಲನೆಯದು. ಈಗ ಅಲ್ಲಿ ಉಳಿದಿರುವುವು ಕೆಲವೇ ಕೆಲವು.

ಬೆಟ್ಟದ ಮೆಟ್ಟಿಲ ಮೇಲೆ ಕುಳಿತು ಹುಡುಗನಿಗೆ ಇದನ್ನೆಲ್ಲ ಹೇಳುತ್ತಿದ್ದೆ. "ತಾತ, ಜಟಾಯು ಎಂದರೆ ಗರುಡನ ಇನ್ನೊಂದು ಹೆಸರಲ್ಲವೇ?" ಎಂದ. ಅಲ್ಲವೆಂದೆ. ಜಟಾಯು ಅರುಣನ ಮಗ, ಗರುಡನಿಗೆ ಅಣ್ಣನ ಮಗನಾಗಬೇಕು. ಮತ್ತು ಅವನು ಹದ್ದಲ್ಲ, ರಣಹದ್ದು. ವಾಲ್ಮೀಕಿಗಳು ಗೃಧ್ರರಾಜನೆಂದೇ ಕರೆದಿದ್ದಾರೆ. ಕ್ಯಾಲೆಂಡರಿನ ಚಿತ್ರಕಾರರು ರಣಹದ್ದಿನ ಬೋಳು ಕತ್ತಿಗೆ ನಾಚಿಕೊಂಡು ಅವನನ್ನು ಚೆಲುವ ಗರುಡಪಕ್ಷಿಯಾಗಿ ಬರೆದುಬಿಟ್ಟರು. ಸೋಲುವೆನೆಂದು ತಿಳಿದೂ, ಮುಪ್ಪಿನ ಮೈಯನ್ನೆತ್ತಿಕೊಂಡು, ತನ್ನದಲ್ಲದ ಹೆಣ್ಣಿಗಾಗಿ ರಾವಣನಿಗೆ ಅಡ್ಡ ಬಂದವನು ಹೆಣ ತಿನ್ನುವ ಜಾತಿಯ ಒಂದು ಮುದಿಹಕ್ಕಿ. ಅವನಿಗೆ ರಾಮನೇ ಮಗನಂತೆ ಸಂಸ್ಕಾರ ಮಾಡಿದ. ಈ ಕಥೆ ಗೊತ್ತಿದ್ದವನಿಗೆ ಆ ಬಂಡೆಯ ಮೇಲಿನ ಕುರೂಪಿ ಹಕ್ಕಿ ನೆಂಟನಾಗುತ್ತದೆ. ಗೊತ್ತಿಲ್ಲದವನಿಗೆ ಅದು ಹೆಣ ತಿನ್ನುವ ಅಪಶಕುನ. ಹುಡುಗ ಅಂದು ಸಂಜೆಯವರೆಗೂ ಕತ್ತೆತ್ತಿಕೊಂಡೇ ಇದ್ದ. ನಮಗೆ ಹಕ್ಕಿ ಕಾಣಲಿಲ್ಲ.

ಮಿತ್ರರ ಪತ್ರಕ್ಕೆ ಬದಲಾಗಿ ನಾನು ಕೇಳುವುದು ಬಹಳವಲ್ಲ. ಕಣ್ವದ ಸೇತುವೆ, ರಾಮದೇವರ ಬೆಟ್ಟ, ತಿರುಮಲೆ, ಮೇಕೆದಾಟು ಇಲ್ಲೆಲ್ಲ ಕಿಲೋಮೀಟರು ಬರೆದ ಫಲಕಗಳಿವೆ. ಪಕ್ಕದಲ್ಲಿ ಕಥೆ ಬರೆದ ಒಂದೊಂದು ಫಲಕವನ್ನೂ ನೆಡಲಿ. ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಮಕ್ಕಳೇ ತಮ್ಮ ಊರಿನ ಹೆಸರಿನ ಕಥೆಯನ್ನು ಅಜ್ಜಿಯರಿಂದ ಕೇಳಿ ಬರೆದು ತರಲಿ. ರಾಮನಗರದ ಬಳಿ 1994ರಿಂದ ಇರುವ ಜಾನಪದ ಲೋಕ ಅವನ್ನು ಕಾಪಿಡಲು ತಕ್ಕ ಜಾಗ. ನಮ್ಮ ತರುಣರು ಸಾಫ್ಟ್‌ವೇರ್ ಬಲ್ಲವರು. ಒಂದು ಹುಲ್ಲುಕಡ್ಡಿ ಕಾಗೆಯನ್ನು ಮೂರು ಲೋಕದಲ್ಲೂ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಒಳ್ಳೆಯ ಆಟ ಬೇಕೇ? ಅದನ್ನು ಅವರೇ ಮಾಡಲಿ. ಇದಾವುದೂ ಆಗದಿದ್ದರೆ, ಮನೆಯಲ್ಲಿರುವ ಹಿರಿಯರು ವಾರ್ತೆಯನ್ನು ಅರ್ಧ ಗಂಟೆ ಬಿಟ್ಟು ಕೇಳಿದ ಪ್ರಶ್ನೆಗೆ ಉತ್ತರ ಹೇಳಲಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಡ.

ಮನವಿ ಪತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಅದರ ಬೆನ್ನಿಗೆ ಐದು ಪ್ರಶ್ನೆಗಳನ್ನು ಬರೆದಿದ್ದೇನೆ. ಕಣ್ವ ಯಾರು? ಮೇಕೆ ಎಲ್ಲಿ ದಾಟಿತು? ಮಾಂಡವ್ಯ ಯಮನನ್ನು ಏನು ಕೇಳಿದ? ನಂದಕವೆಂದರೇನು? ಜಟಾಯು ಯಾವ ಜಾತಿಯ ಹಕ್ಕಿ? ರುಜು ಹಾಕಿದ ಮಹನೀಯರು ಐದಕ್ಕೂ ಮನೆಯ ಮಕ್ಕಳ ಎದುರಿಗೆ ಉತ್ತರ ಹೇಳಲಿ. ಹೇಳಿದ ಮೇಲೂ ಅವರಿಗೆ ಆಟವನ್ನು ನಿಷೇಧಿಸಬೇಕೆನ್ನಿಸಿದರೆ ಪತ್ರವನ್ನು ನನ್ನಲ್ಲಿಗೆ ಮತ್ತೆ ಕಳುಹಿಸಲಿ. ಆಗ ನಾನೂ ರುಜು ಹಾಕುತ್ತೇನೆ.